ಕೆಂಪಾದದ್ದೆಲ್ಲ ಸೋಂಕಲ್ಲ: ಚರ್ಮದ ಬ್ಯಾಕ್ಟೀರಿಯಾ ಸೋಂಕನ್ನು ವೈದ್ಯರು ಗುರುತಿಸುವ ಬಗೆ

(ಮಂಡ್ಯದಲ್ಲಿ ಸಾರ್ವಜನಿಕರು, ಆಶಾ ಕಾರ್ಯಕರ್ತೆಯರು ಮತ್ತು ಶಿಕ್ಷಕರ ಮುಂದೆ ಆಡಿದ ಮಾತುಗಳನ್ನು ಓದಿಗೆ ಒಗ್ಗುವಂತೆ ತಿದ್ದಿ ಬರೆದ ರೂಪ.)

ಹಿರಿಯರೇ, ಶಿಕ್ಷಕ ಮಿತ್ರರೇ, ಆಶಾ ಕಾರ್ಯಕರ್ತೆಯರೇ,

ಕಬ್ಬು ಕಡಿಯುವ ದಿನಗಳಲ್ಲಿ ನನ್ನ ಚಿಕಿತ್ಸಾಲಯದ ಬಾಗಿಲಲ್ಲಿ ಮತ್ತೆ ಮತ್ತೆ ಕಾಣುವ ಒಂದು ನೋಟದಿಂದ ಮಾತನ್ನು ಆರಂಭಿಸುತ್ತೇನೆ. ಐವತ್ತು ದಾಟಿದ ರೈತರೊಬ್ಬರು ಮಗನ ಹೆಗಲ ಮೇಲೆ ಕೈಯಿಟ್ಟು, ಬಲಗಾಲನ್ನು ನೆಲಕ್ಕೆ ಪೂರ್ತಿ ಊರದೆ ಒಳಗೆ ಬರುತ್ತಾರೆ. ಮೊಣಕಾಲಿನ ಕೆಳಗಿನಿಂದ ಪಾದದವರೆಗೆ ಅರಿಶಿನ ಮೆತ್ತಿರುತ್ತದೆ. "ಕಾಲು ಬಾತ್ಕೊಂಡದೆ ಡಾಕ್ಟ್ರೇ. ನೆನ್ನೆ ರಾತ್ರಿ ಗಡಗಡ ನಡುಕ ಬಂತು, ಬೆಳಗ್ಗೆ ಎದ್ದು ನೋಡಿದ್ರೆ ಹಿಂಗಾಗದೆ" ಎನ್ನುತ್ತಾರೆ. ಅವರು ಕೂತು ಮುಗಿಯುವ ಮೊದಲೇ ಮಗನ ಪ್ರಶ್ನೆ ಬರುತ್ತದೆ: "ಬ್ಲಡ್ ಟೆಸ್ಟ್ ಎಲ್ಲಿ ಮಾಡಿಸ್ಬೇಕು ಸಾರ್?"

ಆ ಪ್ರಶ್ನೆ ಸಹಜವಾದದ್ದು. ಮಲೇರಿಯಾಕ್ಕೆ ರಕ್ತ ಪರೀಕ್ಷೆ, ಕ್ಷಯಕ್ಕೆ ಕಫ ಪರೀಕ್ಷೆ ಇರುವಂತೆ ಈ ಕಾಲಿಗೂ ಒಂದು ಪರೀಕ್ಷೆ ಇರಬೇಕು, ಅದರ ಚೀಟಿ ಬಂದ ಮೇಲಷ್ಟೇ ರೋಗ ಯಾವುದೆಂದು ತಿಳಿಯುತ್ತದೆ ಎಂದು ಜನ ನಂಬಿದ್ದಾರೆ. ಆದರೆ ಚರ್ಮದ ಬ್ಯಾಕ್ಟೀರಿಯಾ ಸೋಂಕುಗಳಲ್ಲಿ ಬಹುಪಾಲನ್ನು ವೈದ್ಯರು ಗುರುತಿಸುವುದು ಕಣ್ಣಿನಿಂದ, ಕೈಯಿಂದ ಮತ್ತು ರೋಗಿಗೆ ಕೇಳುವ ಪ್ರಶ್ನೆಗಳಿಂದ. ಪ್ರಯೋಗಾಲಯವೂ ಬೇಕಾಗುತ್ತದೆ, ಕೆಲವೊಮ್ಮೆ ಅದಿಲ್ಲದೆ ಹೆಜ್ಜೆ ಇಡಲಾಗದು. ಆದರೆ ನಿರ್ದಿಷ್ಟ ಸಂದೇಹವೊಂದನ್ನು ಹಿಡಿದು ಹೋದಾಗ ಮಾತ್ರ ಅದು ಉಪಯೋಗಕ್ಕೆ ಬರುವ ಉತ್ತರ ಕೊಡುತ್ತದೆ. ಆ ಸಂದೇಹ ಹುಟ್ಟುವುದು ರೋಗಿಯನ್ನು ಬೆಳಕಿನಲ್ಲಿ ಕೂರಿಸಿಕೊಂಡು ನೋಡಿದಾಗ.

ಹಾಗಾಗಿ ಆ ರೈತರ ಕಾಲಿಗೇ ಬರೋಣ. ನಾನು ಮೊದಲು ಮಾಡುವ ಕೆಲಸ, ಸಲೈನಿನಲ್ಲಿ ನೆನೆಸಿದ ಗಾಜ್ ಬಟ್ಟೆಯಿಂದ ಅರಿಶಿನವನ್ನು ಮೆಲ್ಲಗೆ ಒರೆಸುವುದು. ಮನೆಯವರು ಕಾಳಜಿಯಿಂದಲೇ ಹಚ್ಚಿರುತ್ತಾರೆ; ಆದರೆ ಅದು ಚರ್ಮದ ಬಣ್ಣವನ್ನು ಮುಚ್ಚಿಬಿಡುತ್ತದೆ, ಮತ್ತು ಬಣ್ಣವೇ ನಮಗೆ ಸಿಗುವ ಮೊದಲ ಸಾಕ್ಷಿ. ಒರೆಸಿದ ಮೇಲೆ ಕೆಲವು ನಿಮಿಷ ಸುಮ್ಮನೆ ಬಿಡುತ್ತೇನೆ, ಏಕೆಂದರೆ ಉಜ್ಜಿದ ಚರ್ಮ ಉಜ್ಜಿದ್ದಕ್ಕೇ ಕೆಂಪಾಗುತ್ತದೆ. ಆ ಬಳಿಕ ಇನ್ನೊಂದು ಕಾಲಿನ ಪಂಚೆಯನ್ನೂ ಮೇಲೆ ಸರಿಸಲು ಹೇಳಿ, ಎರಡೂ ಕಾಲುಗಳನ್ನು ಕಿಟಕಿಯ ಬೆಳಕಿಗೆ ಒಡ್ಡಿ ಜೊತೆಯಾಗಿ ನೋಡುತ್ತೇನೆ. ನಾವು ಓದಿದ ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಬಹುಪಾಲು ಬಿಳಿ ಚರ್ಮದವರವು. ಬಿಸಿಲಿನಲ್ಲಿ ದುಡಿದ ನಮ್ಮವರ ಕಪ್ಪು, ಕಂದು ಚರ್ಮದಲ್ಲಿ ಸೋಂಕಿನ ಕೆಂಪು ಕೆಂಪಾಗಿಯೇ ಕಾಣುವುದಿಲ್ಲ. ತಾಮ್ರದ ಛಾಯೆಯಾಗಿ, ನೇರಳೆ ಬೆರೆತ ಕಂದಾಗಿ, ಎಷ್ಟೋ ಸಲ ಬಣ್ಣವೇ ಬದಲಾಗದೆ ಬಿಗಿದು ಹೊಳೆಯುವ ಚರ್ಮವಾಗಿ ಮಾತ್ರ ಕಾಣುತ್ತದೆ. ಪಕ್ಕದ ಕಾಲಿನೊಡನೆ ಹೋಲಿಸದಿದ್ದರೆ ಅದು ಕಣ್ತಪ್ಪಿ ಹೋಗುತ್ತದೆ.

ಕಣ್ಣಿಗೆ ಸಂದೇಹವಿದ್ದಲ್ಲಿ ಕೈ ನೆರವಾಗುತ್ತದೆ. ಬಿಸಿಯನ್ನು ಅಳೆಯಲು ಅಂಗೈಗಿಂತ ಕೈಯ ಹಿಂಬದಿ ಮೇಲು. ಮೊದಲು ಚೆನ್ನಾಗಿರುವ ಕಾಲನ್ನು ಮುಟ್ಟಿ, ಅನಂತರ ಊದಿದ ಕಾಲಿನ ಮೇಲೆ ಮೇಲಿನಿಂದ ಕೆಳಕ್ಕೆ ಕೈಯನ್ನು ಸರಿಸಿದರೆ, ಬಿಸಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ತಿಳಿಯುತ್ತದೆ. ತೊಡೆಸಂದಿನಲ್ಲಿ ನೋಯುವ ಗಂಟು ಎದ್ದಿದೆಯೇ ಎಂದು ನೋಡುತ್ತೇನೆ. ಆಮೇಲೆ ಕೆಳಗೆ ಬಂದು, ಕಾಲ್ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸಂದಿಗಳನ್ನು ನೋಡುತ್ತೇನೆ. ನಾಲೆಯ ನೀರಿನಲ್ಲಿ, ಗದ್ದೆಯ ಕೆಸರಿನಲ್ಲಿ ದಿನವಿಡೀ ನಿಲ್ಲುವವರ ಬೆರಳ ಸಂದಿ ಬೆಳ್ಳಗೆ ನೆನೆದು ಬಿರಿದಿರುತ್ತದೆ. ಬ್ಯಾಕ್ಟೀರಿಯಾ ಒಳಗೆ ನುಗ್ಗಿದ ಬಾಗಿಲು ಬಹಳ ಸಲ ಅಲ್ಲೇ ಸಿಗುತ್ತದೆ. ಅಲ್ಲಿಲ್ಲವಾದರೆ ಹಿಮ್ಮಡಿಯ ಒಡಕು, ಕಬ್ಬಿನ ಕೂಳೆ ಚುಚ್ಚಿದ ಗುರುತು, ಗರಿ ಗೀರಿದ ಗಾಯ, ಕೆರೆದುಕೊಂಡ ಇಸುಬು ಇವುಗಳಲ್ಲಿ ಯಾವುದಾದರೂ ಇರುತ್ತದೆ.

ಪ್ರಶ್ನೆಗಳೂ ಅಷ್ಟೇ ಮುಖ್ಯ. ಜ್ವರ ಮೊದಲು ಬಂತೋ, ಊತ ಮೊದಲು ಬಂತೋ? ನೋವೋ, ತುರಿಕೆಯೋ? ಸಕ್ಕರೆ ಕಾಯಿಲೆ ಇದೆಯೇ? ಇದೇ ಕಾಲು ಹಿಂದೆಯೂ ಹೀಗೆ ಊದಿತ್ತೇ? ಗದ್ದೆಯಲ್ಲಿ ಹುಳ ಮುಟ್ಟಿತೇ ಎಂಬುದನ್ನೂ ಬಾಯಿಬಿಟ್ಟು ಕೇಳಲೇಬೇಕು, ಏಕೆಂದರೆ ಹಾವು ಕಚ್ಚಿದ ಊತಕ್ಕೂ ಜನ 'ನಂಜು' ಎನ್ನುತ್ತಾರೆ, ಕೀವಿನ ಊತಕ್ಕೂ 'ನಂಜು' ಎನ್ನುತ್ತಾರೆ. ಎರಡರ ಚಿಕಿತ್ಸೆ ಬೇರೆಬೇರೆ. ನಡುಕ ಹುಟ್ಟಿಸುವ ಚಳಿಜ್ವರ, ಒಂದೇ ದಿನದಲ್ಲಿ ಏರಿದ ಊತ, ಒಂದೇ ಕಾಲು, ಬಿಸಿ, ಮುಟ್ಟಿದರೆ ನೋವು, ಬೆರಳ ಸಂದಿಯಲ್ಲಿ ಬಿರುಕು ಇವಿಷ್ಟೂ ಒಟ್ಟಿಗೆ ಸೇರಿದರೆ ಅದು ಸೆಲ್ಯುಲೈಟಿಸ್, ಅಂದರೆ ಚರ್ಮದ ಒಳಪದರ ಮತ್ತು ಅದರ ಕೆಳಗಿನ ಕೊಬ್ಬಿನ ಪದರದ ಸೋಂಕು. ಇದಕ್ಕೆ ಹೆಚ್ಚಾಗಿ ಕಾರಣ ಸ್ಟ್ರೆಪ್ಟೊಕಾಕಸ್ ಜಾತಿಯ ಬ್ಯಾಕ್ಟೀರಿಯಾ. ಇಷ್ಟು ಸ್ಪಷ್ಟವಾಗಿರುವಾಗ ರಕ್ತದಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಬ್ಲಡ್ ಕಲ್ಚರ್ ಹೆಚ್ಚಿಗೆ ಏನನ್ನೂ ಹೇಳುವುದಿಲ್ಲ. ಸಾಮಾನ್ಯ ಸೆಲ್ಯುಲೈಟಿಸ್‌ನಲ್ಲಿ ಅದು ಸುಮಾರು 100ರಲ್ಲಿ 5 ಮಂದಿಗೋ ಅದಕ್ಕಿಂತ ಕಡಿಮೆ ಮಂದಿಗೋ ಮಾತ್ರ ಪಾಸಿಟಿವ್ ಬರುತ್ತದೆ. ರೋಗಿ ತೀರ ಬಳಲಿದ್ದರೆ, ದೇಹದ ರೋಗನಿರೋಧಕ ಶಕ್ತಿ ಕುಗ್ಗಿದ್ದರೆ, ಪ್ರಾಣಿ ಕಚ್ಚಿದ ಗಾಯವಾಗಿದ್ದರೆ ಅದನ್ನು ಖಂಡಿತ ಮಾಡಿಸುತ್ತೇವೆ. ಉಳಿದಂತೆ ಆ ದಿನ ನಾನು ತಪ್ಪದೆ ಮಾಡಿಸುವ ರಕ್ತ ಪರೀಕ್ಷೆ ಸಕ್ಕರೆಯದ್ದು.

ಇನ್ನೊಂದು ಉಪಕರಣವಿದೆ, ಅದರ ಬೆಲೆ ಹತ್ತು ರೂಪಾಯಿ. ಬಾಲ್ ಪೆನ್ನಿನಿಂದ ಸೋಂಕಿನ ಅಂಚಿನ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ, ಗಂಟೆ ಬರೆಯುತ್ತೇನೆ. ಸೋಂಕು ಹರಡುತ್ತಿದೆಯೋ ಹಿಮ್ಮೆಟ್ಟುತ್ತಿದೆಯೋ ಎಂಬುದನ್ನು ಆ ಗೆರೆ ಯಾವ ಯಂತ್ರಕ್ಕಿಂತಲೂ ಚೆನ್ನಾಗಿ ಹೇಳುತ್ತದೆ. ಚಿಕಿತ್ಸೆ ಆರಂಭವಾದ ಮೊದಲ ಒಂದೆರಡು ದಿನ ಬಣ್ಣ ಗೆರೆಯನ್ನು ಸ್ವಲ್ಪ ದಾಟಿದರೂ ಗಾಬರಿ ಬೇಡ. ಜ್ವರ, ನೋವು ಇಳಿಯುತ್ತಿವೆಯೇ ಎಂಬುದನ್ನು ಅದರೊಡನೆ ಸೇರಿಸಿ ನೋಡಬೇಕು. ಗಂಟೆಗಂಟೆಗೂ ಗೆರೆ ದಾಟಿ ಮುಂದೆ ಹೋಗುತ್ತಿದ್ದರೆ ವಿಷಯ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ನನಗೆ ಬಹಳ ಮುಖ್ಯವೆನಿಸುವ ಮಾತು. ಕೆಂಪಾಗಿ ಊದಿದ ಕಾಲೆಲ್ಲ ಸೋಂಕಲ್ಲ. ಸೆಲ್ಯುಲೈಟಿಸ್ ಎಂದು ಆಸ್ಪತ್ರೆಗೆ ಸೇರಿಸಿಕೊಂಡವರನ್ನು ಮತ್ತೆ ಪರಿಶೀಲಿಸಿದಾಗ ಸುಮಾರು ಮೂರರಲ್ಲಿ ಒಬ್ಬರಿಗೆ ಆ ರೋಗವೇ ಇರಲಿಲ್ಲವೆಂದು ಅಮೆರಿಕದಲ್ಲಿ ನಡೆದ ಅಧ್ಯಯನ ತೋರಿಸಿದೆ. ಎರಡೂ ಕಾಲುಗಳು ಒಟ್ಟಿಗೆ ಕೆಂಪಾಗಿದ್ದರೆ ಮೊದಲು ಸೋಂಕನ್ನು ಬಿಟ್ಟು ಬೇರೆ ಕಾರಣ ಹುಡುಕಬೇಕು. ರಕ್ತನಾಳಗಳ ಕವಾಟ ಸಡಿಲವಾಗಿ ಕಾಲಿನಲ್ಲಿ ರಕ್ತ ನಿಲ್ಲುವವರಿಗೆ, ಅಂದರೆ ಹಗಲಿಡೀ ನಿಂತೇ ಕೆಲಸ ಮಾಡುವ ಹೋಟೆಲ್ ಕಾರ್ಮಿಕರಿಗೆ, ಅಂಗಡಿಯವರಿಗೆ, ಬಸ್ ಕಂಡಕ್ಟರುಗಳಿಗೆ ಕಣಕಾಲಿನ ಸುತ್ತ ತಿಂಗಳುಗಟ್ಟಲೆ ಕಪ್ಪುಗೆಂಪು ಬಣ್ಣ, ತುರಿಕೆ, ಸಿಪ್ಪೆ ಇರುತ್ತವೆ; ಜ್ವರ ಇರುವುದಿಲ್ಲ. ಇವರನ್ನು ಮಲಗಿಸಿ ಕಾಲನ್ನು ಒಂದೆರಡು ನಿಮಿಷ ಮೇಲೆತ್ತಿ ಹಿಡಿದರೆ ಆ ಕೆಂಪು ಮಸುಕಾಗುತ್ತದೆ. ಸೋಂಕಿನ ಕೆಂಪು ಹಾಗೇ ಉಳಿಯುತ್ತದೆ. ಮೀನಖಂಡ ಮಾತ್ರ ಬಿಗಿದು ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅದಕ್ಕೆ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಬೇಕು. ಹೆಬ್ಬೆರಳ ಬುಡ ಒಂದೇ ರಾತ್ರಿಯಲ್ಲಿ ಊದಿ ಹೊದಿಕೆ ತಾಗಿದರೂ ಸಹಿಸಲಾಗದಷ್ಟು ನೋಯುತ್ತಿದ್ದರೆ ಗೌಟ್ ಎಂಬ ಕೀಲಿನ ಕಾಯಿಲೆ ಇರಬಹುದು. ಬೆಳ್ಳುಳ್ಳಿ ಅರೆದು ಕಟ್ಟಿದ ಜಾಗ ಸುಟ್ಟು ಗುಳ್ಳೆ ಎದ್ದಿರುವುದನ್ನು, ನೋವಿನ ಪಟ್ಟಿ ಅಂಟಿಸಿದ ಅಳತೆಗೆ ಸರಿಯಾಗಿ ಚೌಕವಾಗಿ ಚರ್ಮ ಕೆಂಪಾಗಿರುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಸೋಂಕು ಎಂದೂ ಗೆರೆ ಹಾಕಿದಂತೆ ಚೌಕವಾಗಿ ಬರುವುದಿಲ್ಲ. ಇಂಥವರಿಗೆ ಕೊಟ್ಟ ಆ್ಯಂಟಿಬಯಾಟಿಕ್ ಪೂರ್ತಿ ವ್ಯರ್ಥ. ಅದಕ್ಕಿಂತ ಕೆಟ್ಟದ್ದು, ನಿಜವಾದ ರೋಗ ಹಾಗೇ ಉಳಿಯುತ್ತದೆ.

ಮಕ್ಕಳ ವಿಷಯಕ್ಕೆ ಬರುತ್ತೇನೆ. ಇಲ್ಲಿರುವ ಶಿಕ್ಷಕರಿಗೆ ಇದು ದಿನವೂ ಕಣ್ಣಿಗೆ ಬೀಳುವಂಥದ್ದು. ಮೂಗಿನ ಕೆಳಗೆ, ಬಾಯಿಯ ಸುತ್ತ ಚಿಕ್ಕ ಗುಳ್ಳೆ ಎದ್ದು, ಒಡೆದು, ಹಳದಿ ಹಕ್ಕಳೆ ಕಟ್ಟುವ ಸೋಂಕಿಗೆ ಇಂಪೆಟಿಗೊ ಎಂದು ಹೆಸರು. ಪಠ್ಯಪುಸ್ತಕಗಳು ಈ ಹಕ್ಕಳೆಯನ್ನು ಜೇನಿನ ಬಣ್ಣದ್ದೆಂದು ವರ್ಣಿಸುತ್ತವೆ. ಆಲೆಮನೆ ಕಂಡ ನಮಗೆ ಇನ್ನೂ ಹತ್ತಿರದ ಹೋಲಿಕೆ ಇದೆ: ಜೋನಿಬೆಲ್ಲ ಕೆನ್ನೆಗೆ ತಾಗಿ ಒಣಗಿ ಅಂಟಿಕೊಂಡಂತೆ. ಸ್ಟೆಫೈಲೊಕಾಕಸ್ ಆರಿಯಸ್ ಮತ್ತು ಸ್ಟ್ರೆಪ್ಟೊಕಾಕಸ್ ಪಯೊಜಿನಸ್ ಎಂಬ ಎರಡು ಬ್ಯಾಕ್ಟೀರಿಯಾಗಳು ಇದಕ್ಕೆ ಕಾರಣ. ಈ ಹಕ್ಕಳೆ ಕಂಡರೆ ಪರೀಕ್ಷೆಗೆ ಕಾಯಬೇಕಾಗಿಲ್ಲ. ಆದರೆ ಅಲ್ಲಿಗೇ ನಿಲ್ಲಿಸುವಂತೆಯೂ ಇಲ್ಲ. ಮಗುವಿನ ಕೈಬೆರಳ ಸಂದಿ, ಮಣಿಕಟ್ಟು, ಹೊಟ್ಟೆಯನ್ನು ನೋಡಿ, "ರಾತ್ರಿ ಹೊತ್ತು ಮನೇಲಿ ಇನ್ಯಾರಿಗಾದ್ರೂ ಕೆರೆತ ಇದೆಯೇನವ್ವಾ?" ಎಂದು ತಾಯಿಯನ್ನು ಕೇಳಬೇಕು. ಒಳಗೆ ಕಜ್ಜಿ ಇದ್ದು, ಕೆರೆದ ಗಾಯದ ಮೇಲೆ ಈ ಸೋಂಕು ಕೂತಿದ್ದರೆ, ಕಜ್ಜಿ ಹೋಗದೆ ಇದು ಹೋಗುವುದಿಲ್ಲ. ಕೆಲವು ಬಗೆಯ ಸ್ಟ್ರೆಪ್ಟೊಕಾಕಸ್ ಚರ್ಮದಲ್ಲಿ ಬಂದು ಹೋದ ಕೆಲವು ವಾರಗಳ ಮೇಲೆ ಮೂತ್ರಪಿಂಡ ಉರಿಯೂತ ಕಾಣಿಸಿಕೊಳ್ಳಬಹುದು. ಹುಣ್ಣು ಮಾಗಿದ ಮೇಲೆ ಮಗುವಿನ ಮುಖ ಬೆಳಿಗ್ಗೆ ಬಾತಿದ್ದರೆ, ಮೂತ್ರ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿದ್ದರೆ ಅಂದೇ ಮೂತ್ರ ಪರೀಕ್ಷೆ ಮತ್ತು ರಕ್ತದೊತ್ತಡದ ತಪಾಸಣೆ ಆಗಬೇಕು.

ಶಿಶುಗಳಲ್ಲಿ ಇನ್ನೊಂದು ವಿಚಿತ್ರವಾದ ರೋಗವಿದೆ. ಮೈಯ ಚರ್ಮವೆಲ್ಲ ಬಿಸಿನೀರು ಬಿದ್ದಂತೆ ಸುಲಿಯುತ್ತದೆ. ಆ ಗುಳ್ಳೆಗಳ ನೀರನ್ನು ಪರೀಕ್ಷೆಗೆ ಕಳಿಸಿದರೆ ಏನೂ ಬೆಳೆಯುವುದಿಲ್ಲ. ಏಕೆಂದರೆ ಸ್ಟೆಫೈಲೊಕಾಕಸ್ ಅಡಗಿರುವುದು ಮೂಗಿನಲ್ಲೋ ಹೊಕ್ಕುಳಲ್ಲೋ ಕಣ್ಣಿನಲ್ಲೋ. ಅಲ್ಲಿಂದ ಹೊರಟ ಅದರ ವಿಷ ರಕ್ತದಲ್ಲಿ ಹರಿದು ಚರ್ಮವನ್ನು ಸುಲಿಯುತ್ತದೆ. ಮಾದರಿಯನ್ನು ಎಲ್ಲಿಂದ ತೆಗೆಯಬೇಕೆಂಬ ತಿಳಿವಳಿಕೆ ಇಲ್ಲದಿದ್ದರೆ ಎಂಥ ಪ್ರಯೋಗಾಲಯವೂ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕುರುವಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅದನ್ನು ನೀವೇ ಗುರುತಿಸುತ್ತೀರಿ. ವೈದ್ಯರು ನೋಡುವುದು ಒಳಗೆ ಕೀವು ಕಟ್ಟಿದೆಯೇ ಎಂದು. ಒಂದು ಬೆರಳಿನಿಂದ ಒತ್ತಿದಾಗ ಪಕ್ಕದ ಬೆರಳಿಗೆ ಒಳಗಿನ ದ್ರವ ತಳ್ಳಿದಂತಾದರೆ ಕೀವು ಇದೆ, ಅದನ್ನು ಹೊರಗೆ ಬಿಡಬೇಕು. ಸಂದೇಹವಿದ್ದರೆ ಅಲ್ಟ್ರಾಸೌಂಡ್ ತಿಳಿಸುತ್ತದೆ. ಕತ್ತಿನ ಹಿಂದೆ ಅಥವಾ ಬೆನ್ನಿನಲ್ಲಿ ಹಲವು ಬಾಯಿಗಳಿಂದ ಕೀವು ಸುರಿಯುವ ಬೆನ್ನುಫಣಿ ಎದ್ದರೆ ಸಕ್ಕರೆ ಪರೀಕ್ಷೆ ಮಾಡದೆ ಕಳಿಸಬಾರದು. ಸಕ್ಕರೆ ಕಾಯಿಲೆ ಇದೆಯೆಂದು ಆ ಹುಣ್ಣಿನಿಂದಲೇ ಮೊದಲ ಸಲ ತಿಳಿದವರು ನನ್ನ ಬಳಿ ಕಡಿಮೆಯೇನಿಲ್ಲ. ಮಾವಿನಹಣ್ಣು ತಿಂದು ಉಷ್ಣವಾಯಿತು ಎಂದು ವರ್ಷವರ್ಷವೂ ಕುರು ಸಹಿಸಿಕೊಳ್ಳುವವರು ಒಂದು ವಿಷಯ ತಿಳಿಯಬೇಕು: ಆರೋಗ್ಯವಂತರಲ್ಲೂ ಸುಮಾರು 10ರಲ್ಲಿ 3 ಮಂದಿಯ ಮೂಗಿನಲ್ಲಿ ಸ್ಟೆಫೈಲೊಕಾಕಸ್ ಆರಿಯಸ್ ಸದ್ದಿಲ್ಲದೆ ನೆಲೆಸಿರುತ್ತದೆ. ಕುರು ಮರುಕಳಿಸುವವರಲ್ಲಿ ಮೂಗಿನ ಸ್ವ್ಯಾಬ್, ಅಂದರೆ ಹತ್ತಿಕಡ್ಡಿಯಿಂದ ಸವರಿದ ಮಾದರಿ, ತೆಗೆಯುವುದು ಅದಕ್ಕಾಗಿ. ಕಂಕುಳು, ತೊಡೆಸಂದಿಯಲ್ಲೇ ಮತ್ತೆ ಮತ್ತೆ ಗಂಟೆದ್ದು ಕಲೆ ಬಿಟ್ಟು ಹೋಗುವುದು ಬೇರೆಯೇ ಕಾಯಿಲೆ, ಅದರ ಮೂಲ ಬ್ಯಾಕ್ಟೀರಿಯಾ ಅಲ್ಲ.

ಇನ್ನು ಪ್ರಯೋಗಾಲಯ. ಕೀವಿನಲ್ಲಿ ಬ್ಯಾಕ್ಟೀರಿಯಾ ಇರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದವರಲ್ಲಿ ಸ್ಕಾಟ್ಲೆಂಡಿನ ಆಬರ್ಡೀನ್ ನಗರದ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಮುಖ್ಯರು. 1880ರ ಸುಮಾರಿಗೆ ಅವರು ತಮ್ಮ ರೋಗಿಗಳ ಕೀವಿನಲ್ಲಿ ದ್ರಾಕ್ಷಿ ಗೊಂಚಲಿನಂತೆ ಗುಂಪುಗೂಡಿದ ದುಂಡು ಕಣಗಳನ್ನು ಕಂಡರು. ಸ್ಟೆಫೈಲೊಕಾಕಸ್ ಎಂಬ ಹೆಸರಿನ ಗ್ರೀಕ್ ಮೂಲದ ಅರ್ಥವೂ ದ್ರಾಕ್ಷಿ ಗೊಂಚಲೇ. 1884ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಬಣ್ಣ ಹಾಕುವ ವಿಧಾನವೊಂದನ್ನು ಪ್ರಕಟಿಸಿದರು. ನೂರನಲವತ್ತು ವರ್ಷ ಕಳೆದರೂ ನಮ್ಮ ಜಿಲ್ಲಾ ಕೇಂದ್ರದ ಆಸ್ಪತ್ರೆಗಳಲ್ಲಿ ಪ್ರತಿದಿನ ನಡೆಯುವುದು ಅದೇ. ಗಾಜಿನ ಪಟ್ಟಿಯ ಮೇಲೆ ಕೀವನ್ನು ತೆಳುವಾಗಿ ಬಳಿದು, ಒಣಗಿಸಿ, ನೇರಳೆ ಬಣ್ಣ, ಅಯೋಡಿನ್, ಆಲ್ಕೋಹಾಲ್, ಕೊನೆಗೆ ಕೆಂಪು ಬಣ್ಣ ಹೀಗೆ ಒಂದಾದ ಮೇಲೊಂದು ಹಾಕುತ್ತಾರೆ. ನೇರಳೆ ಗೊಂಚಲು ಕಂಡರೆ ಸ್ಟೆಫೈಲೊಕಾಕಸ್. ದಾರಕ್ಕೆ ಪೋಣಿಸಿದ ಮಣಿಗಳಂತೆ ಸಾಲಾಗಿ ಕಂಡರೆ ಸ್ಟ್ರೆಪ್ಟೊಕಾಕಸ್. ಕೆಂಪು ಕಡ್ಡಿಗಳು ಕಂಡರೆ ಬೇರೆಯೇ ಗುಂಪು. ಅದೇ ದಿನ ವೈದ್ಯರ ಕೈಗೆ ಸಿಗುವ ಉತ್ತರ ಇದು.

ಮುಂದಿನ ಉತ್ತರಕ್ಕೆ ಕಾಯಬೇಕು. ರಕ್ತ ಬೆರೆಸಿದ ಅಗರ್ ಎಂಬ ಲೋಳೆಯಂಥ ಆಹಾರ ತುಂಬಿದ ತಟ್ಟೆಯ ಮೇಲೆ ಮಾದರಿಯನ್ನು ಗೀರಿ, ದೇಹದ ಬಿಸಿಯಷ್ಟೇ ಬಿಸಿಯಿರುವ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಇಡುತ್ತಾರೆ. ಬೆಳೆದ ಚುಕ್ಕೆಯ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಒಂದು ತೊಟ್ಟು ಬಿದ್ದಾಗ ನೊರೆ ಉಕ್ಕಿದರೆ ಸ್ಟೆಫೈಲೊಕಾಕಸ್, ಸುಮ್ಮನಿದ್ದರೆ ಸ್ಟ್ರೆಪ್ಟೊಕಾಕಸ್. ಆ ಸ್ಟೆಫೈಲೊಕಾಕಸ್ ರೋಗ ತರುವ ಆರಿಯಸ್ ಜಾತಿಯದ್ದೋ, ಚರ್ಮದ ಮೇಲೆ ಸದಾ ಇರುವ ಸಾಧು ಜಾತಿಯದ್ದೋ ಎಂದು ತಿಳಿಯಲು ಮೊಲದ ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ, ಬೆರೆಸುತ್ತಾರೆ. ಆರಿಯಸ್ ಆದರೆ ಪ್ಲಾಸ್ಮಾ ಕೆಲವೇ ಗಂಟೆಗಳಲ್ಲಿ ಮೊಸರಿನಂತೆ ಹೆಪ್ಪುಗಟ್ಟುತ್ತದೆ. ಬಳಿಕ ಇನ್ನೊಂದು ತಟ್ಟೆಯಲ್ಲಿ ಬ್ಯಾಕ್ಟೀರಿಯಾವನ್ನು ಒತ್ತಾಗಿ ಹರಡಿ, ಬೇರೆ ಬೇರೆ ಆ್ಯಂಟಿಬಯಾಟಿಕ್ ಹೀರಿದ ಚಿಕ್ಕ ಕಾಗದದ ಬಿಲ್ಲೆಗಳನ್ನು ಇಟ್ಟು ಮತ್ತೊಂದು ರಾತ್ರಿ ಕಾಯುತ್ತಾರೆ. ಕೆಲಸ ಮಾಡುವ ಔಷಧಿಯ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಖಾಲಿ ಬಳೆಯಂತೆ ವೃತ್ತ ಮೂಡುತ್ತದೆ. ಅದರ ಅಗಲವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಮೆಥಿಸಿಲಿನ್ ಎಂಬ ಔಷಧಿ 1959ರಲ್ಲಿ ಬಳಕೆಗೆ ಬಂದು, 1961ರ ಹೊತ್ತಿಗೇ ಅದಕ್ಕೆ ಬಗ್ಗದ ಸ್ಟೆಫೈಲೊಕಾಕಸ್ ಬ್ರಿಟನ್ನಿನಲ್ಲಿ ಪತ್ತೆಯಾಯಿತು. ಎಂಆರ್‌ಎಸ್‌ಎ ಎಂದು ಈಗ ಪತ್ರಿಕೆಗಳಲ್ಲೂ ಓದುವ ಹೆಸರು ಅದರದ್ದೇ. ಅದನ್ನು ಇಂದು ಹಿಡಿಯುವುದು ಸೆಫಾಕ್ಸಿಟಿನ್ ಎಂಬ ಬಿಲ್ಲೆಯ ಸುತ್ತಲಿನ ವೃತ್ತ ಕಿರಿದಾಗಿರುವುದನ್ನು ನೋಡಿ. ಹೀಗೆ ಪೂರ್ಣ ವರದಿ ಬರುವುದು ಮೂರನೆಯ ದಿನಕ್ಕೆ. ಲ್ಯಾಬಿನವರು ತಡಮಾಡಿದರು ಎಂದು ದೂರುವ ಮೊದಲು, ಬ್ಯಾಕ್ಟೀರಿಯಾ ಬೆಳೆಯುವ ವೇಗವನ್ನು ಅವರು ಹೆಚ್ಚಿಸಲಾರರು ಎಂಬುದನ್ನು ನೆನೆಯಬೇಕು.

ಮಾದರಿ ತೆಗೆಯುವ ರೀತಿಯಲ್ಲೇ ವರದಿಯ ಹಣೆಬರಹ ಇದೆ. ಹುಣ್ಣಿನ ಮೇಲೆ ಹತ್ತಿಕಡ್ಡಿ ಸವರಿ ಕಳಿಸಿದರೆ ಮೇಲೆ ಕೂತ ದೂಳಿನ ವರದಿ ಬರುತ್ತದೆ. ಹಕ್ಕಳೆಯನ್ನು ಎತ್ತಿ ಅದರ ಅಡಿಯಿಂದ, ಹುಣ್ಣನ್ನು ಸಲೈನಿನಲ್ಲಿ ತೊಳೆದು ತಳದಿಂದ, ಕೀವು ಕಟ್ಟಿದ್ದರೆ ಸಿರಿಂಜಿನಿಂದ ಒಳಗಿನದನ್ನೇ ಹೀರಿ ತೆಗೆಯಬೇಕು. ಚರ್ಮದ ತುಣುಕನ್ನೇ ಕತ್ತರಿಸಿ ಕಳಿಸುವಾಗ ಒಂದು ಭಾಗವನ್ನು ತುಣುಕು ಕೆಡದಂತೆ ಕಾಯುವ ಫಾರ್ಮಲಿನ್ ದ್ರವಕ್ಕೂ ಇನ್ನೊಂದನ್ನು ಶುದ್ಧ ಸಲೈನಿಗೂ ಹಾಕಬೇಕು. ಎರಡನ್ನೂ ಫಾರ್ಮಲಿನ್‌ಗೆ ಹಾಕಿದರೆ ಬ್ಯಾಕ್ಟೀರಿಯಾ ಸತ್ತುಹೋಗಿ ಕಲ್ಚರ್ ನಿರರ್ಥಕವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಾದರಿಯನ್ನು ಆ್ಯಂಟಿಬಯಾಟಿಕ್ ಶುರುಮಾಡುವ ಮೊದಲೇ ತೆಗೆಯಬೇಕು. ಮೆಡಿಕಲ್ ಸ್ಟೋರಿನಲ್ಲಿ ಎರಡು ಮಾತ್ರೆ ತಂದು ನುಂಗಿ ಬಂದವರ ವರದಿಯಲ್ಲಿ 'ಬೆಳವಣಿಗೆ ಇಲ್ಲ' ಎಂದಿದ್ದರೆ ಸೋಂಕು ಇಲ್ಲವೆಂದು ಅರ್ಥವಲ್ಲ. ಹಾಗೆಯೇ, ಬಹುದಿನದ ಹುಣ್ಣಿನಲ್ಲಿ ಏನಾದರೊಂದು ಬೆಳೆದೇ ಬೆಳೆಯುತ್ತದೆ. ಬೆಳೆದದ್ದೇ ರೋಗಕ್ಕೆ ಕಾರಣವೆಂದೂ ಅರ್ಥವಲ್ಲ. ದಯವಿಟ್ಟು ಏನೇನು ಮಾತ್ರೆ ನುಂಗಿದ್ದೀರಿ, ಯಾವ ಮುಲಾಮು ಹಚ್ಚಿದ್ದೀರಿ ಎಂಬುದನ್ನು ಮುಚ್ಚಿಡಬೇಡಿ. ಖಾಲಿ ಟ್ಯೂಬನ್ನೇ ತಂದು ತೋರಿಸಿ. ನಾವು ಬಯ್ಯುವುದಿಲ್ಲ. ಸ್ಟಿರಾಯ್ಡ್ ಬೆರೆತ ಮುಲಾಮು ಹುಳುಕಡ್ಡಿಯ ಅಂಚನ್ನೂ ಸೋಂಕಿನ ಉರಿಯನ್ನೂ ಅಳಿಸಿಬಿಡುತ್ತದೆ, ನಮಗೆ ಓದಲು ಏನೂ ಉಳಿಯುವುದಿಲ್ಲ.

ಹುಳುಕಡ್ಡಿಯ ಮಾತು ಬಂದದ್ದರಿಂದ ಒಂದು ಸಣ್ಣ ವಿಷಯ. ತೊಡೆಸಂದಿಯಲ್ಲಿ ತಿಂಗಳುಗಟ್ಟಲೆ ಇರುವ ಕಂದು ಕಲೆ ಶಿಲೀಂಧ್ರದ ಮುಲಾಮಿಗೆ ಬಗ್ಗದಿದ್ದರೆ, ಕತ್ತಲ ಕೋಣೆಯಲ್ಲಿ ವುಡ್ಸ್ ದೀಪದ ಅತಿನೇರಳೆ ಬೆಳಕು ಹಾಯಿಸುತ್ತೇವೆ. ಅದು ಹವಳದ ಕೆಂಪಿನಲ್ಲಿ ಹೊಳೆದರೆ ಎರಿತ್ರಾಸ್ಮ ಎಂಬ ಬ್ಯಾಕ್ಟೀರಿಯಾ ಸೋಂಕು. ಆ ಬಣ್ಣ ನೀರಿನಲ್ಲಿ ಕರಗುವಂಥದ್ದು. ಆಗತಾನೇ ಸ್ನಾನ ಮಾಡಿ ಬಂದವರಲ್ಲಿ ಕಾಣದೇ ಹೋಗಬಹುದು. ನಾಟಿ ಹಾಕುವವರ ಅಂಗಾಲಿನಲ್ಲಿ ಜರಡಿಯಂತೆ ಸಣ್ಣ ಗುಳಿಗಳು ಬಿದ್ದು ದುರ್ವಾಸನೆ ಬರುವುದೂ ಬ್ಯಾಕ್ಟೀರಿಯಾದಿಂದಲೇ. ಅದಕ್ಕೆ ಯಾವ ಪರೀಕ್ಷೆಯೂ ಬೇಡ.

ಈಗ ಗಂಟೆಗಂಟೆಗೂ ಗೆರೆ ದಾಟುವ ಸೋಂಕಿನ ವಿಷಯ. ಆಶಾ ಕಾರ್ಯಕರ್ತೆಯರು ಇದನ್ನು ಗಮನವಿಟ್ಟು ಕೇಳಬೇಕೆಂದು ಕೋರುತ್ತೇನೆ. ಸ್ನಾಯುವಿನ ಮೇಲಿನ ಪೊರೆಯನ್ನೇ ಕೊಳೆಸುತ್ತ ಹರಡುವ ಸೋಂಕೊಂದಿದೆ, ವೈದ್ಯರು ನೆಕ್ರೊಟೈಸಿಂಗ್ ಫ್ಯಾಸಿಐಟಿಸ್ ಎನ್ನುತ್ತಾರೆ. ಮೊದಲ ದಿನ ಅದು ಸಾಮಾನ್ಯ ಸೆಲ್ಯುಲೈಟಿಸ್‌ನಂತೆಯೇ ಕಾಣುತ್ತದೆ. ಸುಳಿವು ಕೊಡುವುದು ನೋವು: ಮೇಲೆ ನೋಡಿದರೆ ಅಷ್ಟೇನೂ ಇಲ್ಲ, ಆದರೆ ರೋಗಿ ನೋವು ತಡೆಯಲಾರದೆ ಚೀರುತ್ತಾರೆ. ಕಾಣುವ ಕೆಂಪಿನ ಆಚೆಗೂ ಮುಟ್ಟಿದರೆ ನೋವು. ಕೆಲವು ಗಂಟೆಗಳಲ್ಲಿ ಚರ್ಮ ಮರದ ಹಲಗೆಯಂತೆ ಗಟ್ಟಿಯಾಗುತ್ತದೆ, ಬೂದು ಅಥವಾ ನೇರಳೆಗೆ ತಿರುಗುತ್ತದೆ, ಗುಳ್ಳೆ ಏಳುತ್ತದೆ. ಒತ್ತಿದರೆ ಒಳಗೆ ಗಾಳಿ ಸೇರಿ ಚರಚರ ಎನ್ನಬಹುದು. ಆಮೇಲೆ ನೋವು ನಿಂತುಹೋಗುತ್ತದೆ. ಮನೆಯವರು ಸದ್ಯ ಕಡಿಮೆಯಾಯಿತೆಂದು ಸಮಾಧಾನಪಡುವ ಹೊತ್ತು ಅದು. ನಿಜವಾಗಿ ಅಲ್ಲಿನ ನರಗಳೇ ಸತ್ತಿರುತ್ತವೆ. ಇಲ್ಲಿ ಸ್ಕ್ಯಾನಿಗಾಗಿ, ಕಲ್ಚರ್ ವರದಿಗಾಗಿ ಕಾದು ಕೂರುವಂತಿಲ್ಲ. ಶಸ್ತ್ರವೈದ್ಯರು ಚರ್ಮವನ್ನು ಕೊಯ್ದು ನೋಡಿದಾಗ ಹೊಳೆಯಬೇಕಾದ ಪೊರೆ ಮಂಕಾಗಿರುತ್ತದೆ, ಕಲಗಚ್ಚಿನಂಥ ನೀರು ಬರುತ್ತದೆ, ಬೆರಳು ತಡೆಯಿಲ್ಲದೆ ಪದರಗಳ ನಡುವೆ ಜಾರಿಹೋಗುತ್ತದೆ. ಅದೇ ರೋಗನಿರ್ಣಯ, ಅಲ್ಲಿಂದಲೇ ಚಿಕಿತ್ಸೆಯ ಆರಂಭ. ಹಳ್ಳಿಯಿಂದ ಹೊರಡುವುದು ನಾಳೆ ಬೆಳಿಗ್ಗೆಯ ಬಸ್ಸಿಗಲ್ಲ, ಈ ರಾತ್ರಿಯೇ, 108ಕ್ಕೆ ಕರೆ ಮಾಡಿ.

ಕರಿ ಹಕ್ಕಳೆಯ ಬಗ್ಗೆಯೂ ಎರಡು ಮಾತು ಹೇಳಬೇಕು. ಕುರಿ ಸಾಕುವವರ ಕೈಯಲ್ಲೋ ಮುಖದಲ್ಲೋ ನೋವೇ ಇಲ್ಲದ ಕಪ್ಪು ಹಕ್ಕಳೆ, ಸುತ್ತ ವಿಪರೀತ ಊತ ಕಂಡರೆ, ಮಂದೆಯಲ್ಲಿ ಕುರಿ ದಿಢೀರನೆ ಸತ್ತವೇ ಎಂದು ಕೇಳಬೇಕು. ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಇರಬಹುದು. ಇನ್ನೊಂದು, ವಾರವಾದರೂ ಬಿಡದ ಜ್ವರದವರ ಕಂಕುಳು, ತೊಡೆಸಂದಿ, ಸೊಂಟದ ಉಡಿದಾರದ ಕೆಳಗೆ ಸಿಗರೇಟಿನಿಂದ ಸುಟ್ಟಂಥ ಚಿಕ್ಕ ಕರಿ ಹಕ್ಕಳೆ. ನುಸಿಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ನ ಗುರುತು ಅದು. ಬಟ್ಟೆ ಸರಿಸಿ ಹುಡುಕಿದವರಿಗೆ ಮಾತ್ರ ಸಿಗುತ್ತದೆ.

ನಾನು ತಪ್ಪಿದ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ನಾನಿದ್ದ ಆಸ್ಪತ್ರೆಗೆ ಕೂಲಿ ಮಾಡುವ ತಾಯಿಯೊಬ್ಬರು ಅಂಗಾಲಿನ ಹುಣ್ಣಿಗೆಂದು ಬರುತ್ತಿದ್ದರು. ಮೂರು ಬಾರಿ ಸ್ವ್ಯಾಬ್ ಕಳಿಸಿದೆವು. ಮೂರು ಬಾರಿಯೂ ಬೇರೆ ಬೇರೆ ಬ್ಯಾಕ್ಟೀರಿಯಾದ ಹೆಸರು ಬಂತು, ಮೂರು ಬಾರಿಯೂ ವರದಿಗೆ ತಕ್ಕ ಔಷಧಿ ಕೊಟ್ಟೆವು. ಹುಣ್ಣು ಮಾಗಲಿಲ್ಲ. ಅಷ್ಟು ಆಳದ ಹುಣ್ಣಿಟ್ಟುಕೊಂಡು ಆಕೆ ನೆಟ್ಟಗೆ ನಡೆದು ಬರುತ್ತಿದ್ದುದು ನನ್ನ ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ಬೀಳಲಿಲ್ಲ. ಕುಷ್ಠ ನಿವಾರಣಾ ಕಾರ್ಯಕ್ರಮದಲ್ಲಿ ಬಹಳ ವರ್ಷ ದುಡಿದಿದ್ದ ಹಿರಿಯ ಸಿಬ್ಬಂದಿಯೊಬ್ಬರು ಒಂದು ದಿನ ಆಕೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, "ನೋಯ್ತದೇನವ್ವಾ?" ಎಂದು ಕೇಳಿದರು. "ಇಲ್ಲ ಕಣಪ್ಪ, ಅದೇ ಸೋಜಿಗ" ಎಂದರು ಆಕೆ. ಅವರು ಹರಡಿನ ಒಳಬದಿಯ ಮೂಳೆಯ ಹಿಂದೆ ಬೆರಳಿಟ್ಟು ನನ್ನ ಬೆರಳನ್ನೂ ಅಲ್ಲಿಗೆ ಎಳೆದು ಇಟ್ಟರು. ನರ ಹಗ್ಗದಂತೆ ದಪ್ಪಗಾಗಿತ್ತು. ಸೊಂಟದ ಮೇಲೆ, ಸೀರೆಯ ಮರೆಯಲ್ಲಿ, ಮಾಸಿದ ಬಣ್ಣದ ಸ್ಪರ್ಶವಿಲ್ಲದ ಮಚ್ಚೆಯೂ ಇತ್ತು. ಆಕೆಗೆ ಕುಷ್ಠವಿತ್ತು.

ಕುಷ್ಠವೂ ಬ್ಯಾಕ್ಟೀರಿಯಾ ಸೋಂಕೇ. ನಾರ್ವೆಯ ಹ್ಯಾನ್ಸನ್ 1873ರಲ್ಲಿ ಅದರ ಬ್ಯಾಕ್ಟೀರಿಯಾವನ್ನು ಕಂಡರು. ಆದರೆ ಇಂದಿಗೂ ಅದನ್ನು ಯಾವ ಪ್ರಯೋಗಾಲಯದ ತಟ್ಟೆಯಲ್ಲೂ ಬೆಳೆಸಲು ಆಗಿಲ್ಲ. ಹಾಗಾಗಿ ಎಷ್ಟು ಕಲ್ಚರ್ ಕಳಿಸಿದರೂ ಅದು ಸಿಗುವುದಿಲ್ಲ. ಹುಣ್ಣಿನ ಮೇಲೆ ಆಮೇಲೆ ಬಂದು ಸೇರಿದವು ಮಾತ್ರ ಬೆಳೆಯುತ್ತವೆ. ಇದನ್ನು ಗುರುತಿಸುವುದು ಮೂರು ಆಧಾರಗಳಿಂದ: ಸ್ಪರ್ಶಜ್ಞಾನವಿಲ್ಲದ ಮಚ್ಚೆ, ದಪ್ಪಗಾದ ನರ, ಮತ್ತು ಕಿವಿಯ ಹಾಲೆ ಅಥವಾ ಮಚ್ಚೆಯ ಬಳಿ ಚರ್ಮವನ್ನು ಸಣ್ಣಗೆ ಸೀಳಿ ತೆಗೆದ ಲೇಪನದಲ್ಲಿ ಕಾಣುವ ಕೆಂಪು ಕಡ್ಡಿಗಳು. ಕಡಿಮೆ ಬ್ಯಾಕ್ಟೀರಿಯಾ ಇರುವ ಬಗೆಯಲ್ಲಿ ಲೇಪನ ನೆಗೆಟಿವ್ ಬರಬಹುದು, ಆಗ ಸ್ಪರ್ಶ ಪರೀಕ್ಷೆಯೇ ಗತಿ. ರೋಗಿ ಕಣ್ಣು ಮುಚ್ಚಿಕೊಳ್ಳಬೇಕು, ನಾವು ಪೆನ್ನಿನ ತುದಿಯನ್ನು ಮೆತ್ತಗೆ ಮುಟ್ಟಿಸಬೇಕು, ಮುಟ್ಟಿದ ಜಾಗವನ್ನು ಅವರು ಬೆರಳಿಟ್ಟು ತೋರಿಸಬೇಕು. ರಾಷ್ಟ್ರಮಟ್ಟದಲ್ಲಿ 10,000 ಜನಕ್ಕೆ ಒಬ್ಬರಿಗಿಂತ ಕಡಿಮೆಯಾಯಿತೆಂದು 2005ರಲ್ಲಿ ಸಾರಿದ ಮೇಲೆ ವೈದ್ಯರೂ ಈ ರೋಗವನ್ನು ಮರೆಯತೊಡಗಿದ್ದಾರೆ. ರೋಗ ಇನ್ನೂ ಇದೆ, ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆ. ಸಕ್ಕರೆ ಕಾಯಿಲೆಯೂ ಅಂಗಾಲಿನ ಸ್ಪರ್ಶವನ್ನು ಕಳೆಯುತ್ತದೆ. ನೋಯಬೇಕಾದ ಹುಣ್ಣು ನೋಯದಿದ್ದರೆ ಈ ಎರಡನ್ನೂ ನೋಡದೆ ನಾನು ಯಾರನ್ನೂ ಈಗ ಕಳಿಸುವುದಿಲ್ಲ.

ಮಾತು ಮುಗಿದ ಮೇಲೆ ಮಳವಳ್ಳಿ ಕಡೆಯ ಆಶಾ ಕಾರ್ಯಕರ್ತೆಯೊಬ್ಬರು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತಿದ್ದೇನೆ: "ಸಾರ್, ಮೊಬೈಲಲ್ಲಿ ಫೋಟೊ ತೆಗೆದು ಕಳ್ಸಿದ್ರೆ ನಿಮಗೆ ಗೊತ್ತಾಗ್ತದಾ?" ಸ್ವಲ್ಪ ಗೊತ್ತಾಗುತ್ತದೆ. ಬಿಸಿ, ಗಟ್ಟಿತನ, ವಾಸನೆ, ಸ್ಪರ್ಶವಿದೆಯೋ ಇಲ್ಲವೋ ಎಂಬುದು ಫೋಟೊದಲ್ಲಿ ಬರುವುದಿಲ್ಲ. ಅವನ್ನು ನೀವೇ ಮುಟ್ಟಿ, ಕೇಳಿ, ಬರೆದು ಕಳಿಸಬೇಕು. ಫೋಟೊವನ್ನು ಟ್ಯೂಬ್‌ಲೈಟಿನ ಕೆಳಗೆ ತೆಗೆಯದೆ ಹಗಲು ಬೆಳಕಿನಲ್ಲಿ ಜಗಲಿಯ ಮೇಲೆ ತೆಗೆಯಿರಿ, ಅರಿಶಿನವನ್ನು ಮೊದಲೇ ಒರೆಸಿರಿ. ಹುಣ್ಣಿನ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟರೆ ಅಳತೆ ತಿಳಿಯುತ್ತದೆ. ಹತ್ತಿರದ್ದೊಂದು, ದೂರದ್ದೊಂದು ಇರಲಿ. ದೂರದ್ದರಲ್ಲಿ ಎರಡೂ ಕಾಲು ಕಾಣಬೇಕು. ಪೆನ್ನಿನಿಂದ ಗೆರೆ ಎಳೆದು ಗಂಟೆ ಬರೆದ ಮೇಲೆ ಒಂದು ಫೋಟೊ, ಮರುದಿನ ಅದೇ ಜಗಲಿಯಲ್ಲಿ ಅದೇ ಹೊತ್ತಿಗೆ ಇನ್ನೊಂದು.